'ಸಿಲ್ವರ್ ಆ್ಯಪಲ್ಸ್' ವೃಂದದ ಪ್ರಥಮ ಧ್ವನಿಮುದ್ರಿಕೆ: ಒಂದು ವಿವೇಚನೆ

ನ್ಯೂಯಾರ್ಕ್ ನಗರದ 'ಸಿಲ್ವರ್ ಆ್ಯಪಲ್ಸ್' ಎಂಬ ಇಬ್ಬರ ರಾಕ್ ವೃಂದವು 1968ರಲ್ಲಿ ತನ್ನದೇ ಹೆಸರಿನಿಂದ ಹೊರತಂದ ಪ್ರಥಮ ಧ್ವನಿಮುದ್ರಿಕೆಗೆ ಆ ಕಾಲದಲ್ಲಿ ಹೆಚ್ಚಿನ ಶ್ರೋತೃಗಳು ದೊರೆಯಲಿಲ್ಲ. ಇಂದು ಅದರ ಹೆಸರನ್ನು ಬಲ್ಲವರು ಅಲ್ಲಲ್ಲಿ ಇದ್ದಾರೆ. ಆದರೆ ಅವರಲ್ಲಿ ಬಹುಮಂದಿ ಅದನ್ನು ಬಲ್ಲುದು ಮತ್ತಾವುದೋ ಸಂಗೀತದ ಪೂರ್ವಸೂಚನೆಯಾಗಿ ಮಾತ್ರ. ವಿದ್ಯುನ್ಮಾನ ವಾದ್ಯಗಳನ್ನು ಆಧಾರವಾಗಿಟ್ಟುಕೊಂಡ ರಾಕ್ ಸಂಗೀತದ ಚರಿತ್ರೆಯನ್ನು ಬರೆಯುವವರು, 1970ರ ದಶಕದ ಜರ್ಮನ್ ವೃಂದಗಳಾದ ಕ್ಯಾನ್, ನೋಯ್, ಕ್ರಾಫ್ಟ್‌ವೆರ್ಕ್‌ಗಳಿಗೂ, 1977ರಲ್ಲಿ ತನ್ನ ಮೊದಲ ಮುದ್ರಿಕೆಯನ್ನು ತಂದ ನ್ಯೂಯಾರ್ಕಿನದೇ ಆದ 'ಸೂಯಿಸೈಡ್' ವೃಂದಕ್ಕೂ, ಇನ್ನೂ ಈಚಿನ ಸ್ಟೀರಿಯೋಲ್ಯಾಬ್, ಪೋರ್ಟಿಸ್‌ಹೆಡ್‌ಗಳಿಗೂ ಇದನ್ನು ಪೂರ್ವಜನ ಸ್ಥಾನದಲ್ಲಿ ನಿಲ್ಲಿಸಿ, ಒಂದೆರಡು ಮಾತಿನ ಗೌರವವನ್ನು ಸಲ್ಲಿಸಿ, ಮುಂದಕ್ಕೆ ಸಾಗುವುದು ವಾಡಿಕೆಯಾಗಿದೆ.

ಇಂಥ ಗೌರವ ನಮಗೆ ಅಪರಿಚಿತವಾದುದಲ್ಲ. ಮುದ್ದಣನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆಯುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಇದೆ. ಬಿರುದು ಮೆಚ್ಚುಗೆಯದೇ ಸರಿ. ಆದರೆ ಅದನ್ನು ಒಪ್ಪಿಕೊಂಡೊಡನೆ ನಾವು 'ಶ್ರೀರಾಮಾಶ್ವಮೇಧ'ವನ್ನು ಅದರ ಬಳಿಕ ಬಂದ ಬೆಳಗಿನ ಸಲುವಾಗಿ ಓದತೊಡಗುತ್ತೇವೆ; ಹಳಗನ್ನಡದ ನುಡಿಗಟ್ಟನ್ನು ಗಂಡಹೆಂಡಿರ ಸರಸಸಂಭಾಷಣೆಗೆ ಒಗ್ಗಿಸಿದ ಆ ಗದ್ಯದ ಸ್ವಂತ ಬನಿ ಹಿಂದಕ್ಕೆ ಸರಿಯುತ್ತದೆ. ಕೋಳಿ ಕೂಗಿದುದನ್ನು ಕೇಳಿದವನು ಎದ್ದು ತನ್ನ ಕೆಲಸಕ್ಕೆ ಹೋಗುತ್ತಾನೆ. ಕೂಗು ಹೇಗಿತ್ತೆಂದು ಯಾರೂ ವಿಚಾರಿಸುವುದಿಲ್ಲ.

ಸಿಲ್ವರ್ ಆ್ಯಪಲ್ಸರ ವಿಷಯದಲ್ಲಿ ಈ ರೂಢಿಯಿಂದಾಗುವ ಹಾನಿ ಇನ್ನೂ ಹೆಚ್ಚಿನದು. ಉತ್ತರಕಾಲದ ಸಂಗೀತಕ್ಕೆ ಹದಗೊಂಡ ಕಿವಿಯಿಂದ ಈ ಮುದ್ರಿಕೆಯನ್ನು ಕೇಳುವವನು ಅದರಲ್ಲಿ ಇಲ್ಲದುದನ್ನು ಕೇಳುತ್ತಾನೆ, ಇರುವುದನ್ನು ಕೈಬಿಡುತ್ತಾನೆ. ಒಂದೇ ಸಮನೆ ಮಿಡಿಯುವ ಮಂದ್ರನಾದ, ಅದರೊಡನೆ ಎಡೆಬಿಡದ ತಾಳ: ಇವೆರಡು ಕಿವಿಗೆ ಬಿದ್ದೊಡನೆ ಅವನು 'ಇದು ಯಂತ್ರಸಂಗೀತ' ಎಂದು ನಿರ್ಣಯಿಸಿಬಿಡುತ್ತಾನೆ. ಆದರೆ ಈ ಮುದ್ರಿಕೆಯಲ್ಲಿ ಯಂತ್ರವು ತಾನಾಗಿಯೇ ಏನನ್ನೂ ನುಡಿಯುವುದಿಲ್ಲ. ನುಡಿಸಿದುದು ಇಬ್ಬರು ಮನುಷ್ಯರ ಕೈಕಾಲುಗಳು. (ಒಂದು ಅಪವಾದವುಂಟು, ಅದನ್ನು ಮುಂದೆ ನೋಡೋಣ.) ಈ ಸಂಗತಿಯನ್ನು ಸ್ಪಷ್ಟಪಡಿಸಿ, ಅದರ ಬೆಳಕಿನಲ್ಲಿ ಗೀತಗಳ ಗುಣದೋಷಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವೃಂದದ ಪೂರ್ವವೃತ್ತಾಂತ ದೀರ್ಘವಾದುದಲ್ಲ. ಸಿಮಿಯನ್ ಕಾಕ್ಸ್ (1938–2020) ಟೆನೆಸೀ ಸಂಸ್ಥಾನದ ನಾಕ್ಸ್‌ವಿಲ್‌ನಲ್ಲಿ ಹುಟ್ಟಿ, ನ್ಯೂ ಆರ್ಲಿಯನ್ಸಿನಲ್ಲಿ ಬೆಳೆದು, ನ್ಯೂಯಾರ್ಕಿಗೆ ಬಂದವರು. 1967ರ ಸುಮಾರಿಗೆ ಅವರು ಗ್ರೀನಿಚ್ ವಿಲೇಜ್ ಬಡಾವಣೆಯ 'ಕೆಫೆ ವಾ' ಎಂಬ ಪಾನಗೃಹದಲ್ಲಿ ಹಾಡುತ್ತಿದ್ದ 'ಓವರ್‌ಲ್ಯಾಂಡ್ ಸ್ಟೇಜ್ ಎಲೆಕ್ಟ್ರಿಕ್ ಬ್ಯಾಂಡ್' ಎಂಬ ಗಿಟಾರ್ ವೃಂದದ ಗಾಯಕರಾಗಿದ್ದರು. 1940ರ ದಶಕದ ಒಂದು ಹಳೆಯ ಆಸಿಲೇಟರನ್ನು, ಅಂದರೆ ನಮ್ಮ ಭೌತವಿಜ್ಞಾನದ ಪಠ್ಯಗಳು ಆಂದೋಲಕವೆಂದು ಕರೆಯುವ ಪ್ರಯೋಗಶಾಲೆಯ ಉಪಕರಣವನ್ನು, ಅವರು ವೇದಿಕೆಗೆ ತಂದು ಹಾಡಿನ ನಡುವೆ ನುಡಿಸತೊಡಗಿದರು. ಜೊತೆಗಾರರಿಗೆ ಇದು ರುಚಿಸಲಿಲ್ಲ. ಒಬ್ಬೊಬ್ಬರಾಗಿ ಅವರು ಬಿಟ್ಟುಹೋದ ಮೇಲೆ ಉಳಿದವರು ಸಿಮಿಯನ್ ಮತ್ತು ಡ್ರಮ್ ವಾದಕ ಡ್ಯಾನಿ ಟೇಲರ್, ಇಬ್ಬರೇ. ಗಿಟಾರ್ ಇಲ್ಲದ ರಾಕ್ ವೃಂದವೊಂದು ಹೀಗೆ ಸಿದ್ಧಾಂತದಿಂದಲ್ಲ, ಜನ ತೊರೆದುದರಿಂದ ಹುಟ್ಟಿತು. ಐರಿಷ್ ಕವಿ ಯೇಟ್ಸನ ಅಲೆಮಾರಿ ಏಂಗಸ್ಸನ ಗೀತದಿಂದ ಅವರು ತಮ್ಮ ಹೆಸರನ್ನು ಆಯ್ದುಕೊಂಡರು.

ಇನ್ನು ವಾದ್ಯದ ವಿಚಾರ. ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯಕ. ಏಕೆಂದರೆ ಈ ಕೃತಿಯ ಛಂದಸ್ಸು ಎಂದು ಹೇಳಬಹುದಾದುದೆಲ್ಲವೂ ವಾದ್ಯದ ರಚನೆಯಿಂದಲೇ ಹೊರಟಿದೆ. ಆಂದೋಲಕವೆಂಬುದು ಸೆಕೆಂಡಿಗೆ ಇಂತಿಷ್ಟು ಆವರ್ತಗಳ ವಿದ್ಯುತ್ಸಂಕೇತವನ್ನು ಹುಟ್ಟಿಸುವ ಸಾಧನ. ಧ್ವನಿವರ್ಧಕಕ್ಕೆ ಜೋಡಿಸಿದರೆ ಆ ಸಂಕೇತ ಒಂದು ಸ್ಥಿರನಾದವಾಗಿ ಕೇಳುತ್ತದೆ. ಮುಂಬದಿಯ ಬಿರಡೆಯನ್ನು ತಿರುಗಿಸಿದರೆ ನಾದವು ಏರುತ್ತದೆ ಇಲ್ಲವೆ ಇಳಿಯುತ್ತದೆ. ಇದರಲ್ಲಿ ಹಾರ್ಮೋನಿಯಮ್ಮಿಗಿರುವಂತೆ ಮನೆಗಳಿಲ್ಲ. ಒಂದು ಆಂದೋಲಕಕ್ಕೆ ಒಂದು ಕಾಲದಲ್ಲಿ ಒಂದೇ ನಾದ. ಸಿಮಿಯನ್ನರು ಇಂಥವುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗಿ, ಪ್ರಥಮ ಮುದ್ರಿಕೆಯ ಹೊತ್ತಿಗೆ 9 ಆಂದೋಲಕಗಳೂ 86 ನಿಯಂತ್ರಕಗಳೂ ಇದ್ದ ಒಂದು ರಾಶಿಯನ್ನು ಕಟ್ಟಿದ್ದರು. ಅದಕ್ಕೆ 'ಸಿಮಿಯನ್' ಎಂದೇ ಹೆಸರು. ಪ್ರತಿಯೊಂದನ್ನೂ ಬೇಕಾದ ಶ್ರುತಿಗೆ ಮೊದಲೇ ಹೊಂದಿಸಿಟ್ಟುಕೊಂಡು, ತಂತಿಕಚೇರಿಯ ಕಟ್ಟೆಯಂಥ ಒತ್ತುಗುಂಡಿಗಳಿಂದ ನಾದವನ್ನು ಬಿಟ್ಟು ಹಿಡಿಯುವುದು ಅವರ ಕ್ರಮ. ಮಂದ್ರದ ನಾದಗಳು ಪಾದಗಳಿಗೆ, ಉಳಿದವು ಕೈಗಳಿಗೆ. ಕೈಸಾಲದಾಗ ಮೊಣಕೈಗಳಿಗೂ ಕೆಲಸವಿತ್ತೆಂದು ಮುದ್ರಿಕೆಯ ಹೊದಿಕೆಯ ಟಿಪ್ಪಣಿಯಿಂದ ತಿಳಿಯುತ್ತದೆ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಎರಡು ಪಾದಗಳಿಂದ ನುಡಿಸಬಹುದಾದ ಮಂದ್ರಸ್ವರಗಳು ಕೆಲವೇ. ಗಿಟಾರ್ ವಾದಕನು ಬೆರಳನ್ನು ಸರಿಸಿ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಹೋಗುವಂತೆ ಇಲ್ಲಿ ಹೋಗುವುದು ಸಾಧ್ಯವಿಲ್ಲ. ಆದುದರಿಂದ ಈ ಗೀತಗಳು ನಿಂತ ನೆಲೆಯಲ್ಲಿಯೇ ನಿಲ್ಲುತ್ತವೆ. ಅಮೆರಿಕದ ವಿಮರ್ಶೆಯಲ್ಲಿ ಈ ಗುಣಕ್ಕೆ ಸಂಮೋಹಕತ್ವ, ಏಕತಾನತೆ ಮೊದಲಾದ ಹೆಸರುಗಳು ಬಂದಿವೆ. ನಮ್ಮ ಶ್ರೋತೃವಿಗೆ ಸಹಜವಾಗಿ ತಂಬೂರಿಯ ನೆನಪಾಗಬಹುದು. ಸಾದೃಶ್ಯವು ಒಂದು ಮಟ್ಟಿಗೆ ಸರಿಯಾದುದೇ. ಆಧಾರಷಡ್ಜವು ಚಲಿಸದಿರುವಾಗ ಅದರ ಮೇಲಿನ ಅಲ್ಪಚಲನೆಯೂ ಅರ್ಥವತ್ತಾಗುತ್ತದೆಂಬುದು ನಮಗೆ ಹೊಸದಾಗಿ ಕಲಿಯಬೇಕಾದ ಪಾಠವಲ್ಲ. ಆದರೆ ತಂಬೂರಿಯು ಲಯವನ್ನು ಹೊರುವುದಿಲ್ಲ. ಇಲ್ಲಿ ಶ್ರುತಿಯನ್ನು ಹಿಡಿದ ಪಾದವೇ ಲಯವನ್ನೂ ಹಿಡಿದಿದೆ. ಅಲ್ಲದೆ, ಆಧಾರದ ಮೇಲೆ ಬೆಳೆಯತಕ್ಕ ರಾಗವಿಸ್ತಾರ ಇಲ್ಲಿಲ್ಲ. ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸುವುದು ಕ್ಷೇಮ.

ಇದಕ್ಕಿಂತ ಹೆಚ್ಚು ಫಲಕಾರಿಯಾದ ಹೋಲಿಕೆಯೊಂದು ಅದೇ ಗ್ರೀನಿಚ್ ವಿಲೇಜಿನಲ್ಲಿಯೇ ದೊರೆಯುತ್ತದೆ. ಮಾರ್ಟನ್ ಸುಬಾಟ್ನಿಕ್ ಎಂಬ ವಾಗ್ಗೇಯಕಾರರು ಅಲ್ಲಿನ ಬ್ಲೀಕರ್ ಬೀದಿಯ ತಮ್ಮ ಕಾರ್ಯಶಾಲೆಯಲ್ಲಿ, ಡಾನ್ ಬುಕ್ಲಾ ನಿರ್ಮಿಸಿದ ಸಿಂಥೆಸೈಸರ್ ವಾದ್ಯದಿಂದ ಒಂದು ಕೃತಿಯನ್ನು ರಚಿಸಿ, 1967ರಲ್ಲಿ ನಾನ್‌ಸಚ್ ಸಂಸ್ಥೆಯ ಮೂಲಕ ಹೊರತಂದರು. ಅದರ ಹೆಸರೂ ಯೇಟ್ಸನ ಅದೇ ಕವಿತೆಯಿಂದ, ಅದೇ ಬೆಳ್ಳಿಯ ಸೇಬುಗಳಿಂದ ಬಂದುದು. ಒಂದೇ ಬಡಾವಣೆ, ಒಂದೇ ಕವಿತೆ, ಒಂದು ವರ್ಷದ ಅಂತರ. ಆದರೆ ಎರಡು ಕೃತಿಗಳ ನಡುವೆ ದೊಡ್ಡ ಕಂದಕವಿದೆ. ಬುಕ್ಲಾ ವಾದ್ಯದಲ್ಲಿ ಸೀಕ್ವೆನ್ಸರ್ ಎಂಬ ಅಂಗವುಂಟು. ಸ್ವರಗಳ ಒಂದು ಸಾಲನ್ನು ಅದಕ್ಕೆ ಒಪ್ಪಿಸಿಬಿಟ್ಟರೆ ಅದು ತಾನೇ ಆವರ್ತಿಸುತ್ತ ಹೋಗುತ್ತದೆ. ಸುಬಾಟ್ನಿಕ್ಕರ ಕೃತಿಯ ಉತ್ತರಾರ್ಧದಲ್ಲಿ ಕೇಳುವ ಮಿಡಿತ ಅಂಥದು. ಸಿಲ್ವರ್ ಆ್ಯಪಲ್ಸರ ಮಿಡಿತಕ್ಕೆ ಹಿಂದೆ ಅಂಥ ಅಂಗವೇನೂ ಇಲ್ಲ. ಸುಬಾಟ್ನಿಕ್ಕರ ಹಿಂದೆ ಕೃತಿಯನ್ನು ಬರೆಯಿಸಿಕೊಂಡ ಮುದ್ರಣಸಂಸ್ಥೆಯಿತ್ತು, ವಿಶ್ವವಿದ್ಯಾನಿಲಯದ ಆಶ್ರಯವಿತ್ತು. ಆ ಕಾಲದಲ್ಲಿ ವಿದ್ಯುನ್ಮಾನ ಸಂಗೀತವು ಸಾಮಾನ್ಯವಾಗಿ ಸಂಸ್ಥೆಗಳ ಬಾಗಿಲಿನಿಂದಲೇ ಪ್ರವೇಶಿಸುತ್ತಿತ್ತು. ನಮ್ಮ ದೇಶದಲ್ಲಿ ಕೂಡ 1969ರಲ್ಲಿ ಮೂಗ್ ಸಿಂಥೆಸೈಸರ್ ಬಂದಿಳಿದುದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಮೆರಿಕದ ಡೇವಿಡ್ ಟ್ಯೂಡರರ ಕೈಯಿಂದ. ಸಿಮಿಯನ್ನರದಾದರೋ ಪಾನಗೃಹದ ಬಾಗಿಲು. ಹಳೆಯ ಸಾಮಾನುಗಳನ್ನು ಹಲಗೆಗೆ ಬಿಗಿದು ಕಟ್ಟಿದ ವಾದ್ಯ ಅದು.

ಗೀತಗಳತ್ತ ಹೊರಳೋಣ. ಮುದ್ರಿಕೆಯ ಒಂಬತ್ತು ಗೀತಗಳಲ್ಲಿ ಮೊದಲನೆಯದಾದ 'ಆಸಿಲೇಷನ್ಸ್' ಮೂರು ನಿಮಿಷಗಳನ್ನೂ ಮುಟ್ಟುವುದಿಲ್ಲ. ಆದರೆ ವೃಂದದ ಶಕ್ತಿಯೆಲ್ಲ ಅದರಲ್ಲಿ ಅಡಕವಾಗಿದೆ. ಗೀತದ ವಸ್ತು ಆಂದೋಲನವೇ: ತನ್ನನ್ನು ಹುಟ್ಟಿಸುತ್ತಿರುವ ಉಪಕರಣವನ್ನೇ ಹಾಡು ವರ್ಣಿಸುತ್ತದೆ. ಮಂದ್ರದ ಮಿಡಿತ ಕೆಲವೇ ಸ್ವರಗಳ ನಡುವೆ ತಿರುಗುತ್ತದೆ. ಅದರ ಪಕ್ಕದಲ್ಲಿ ಟೇಲರರ ಡ್ರಮ್ಮುಗಳು. ಇವರ ವಾದನವನ್ನು 'ಹಿನ್ನೆಲೆಯ ತಾಳ' ಎಂದು ಕರೆಯುವುದು ದೊಡ್ಡ ಅನ್ಯಾಯ. ಹಲವು ಗಾತ್ರದ ಡ್ರಮ್ಮುಗಳನ್ನು ಆಂದೋಲಕಗಳ ನಾದಕ್ಕೆ ಹೊಂದುವಂತೆ ಶ್ರುತಿಮಾಡಿಕೊಂಡು, ಕಂಚಿನ ತಟ್ಟೆಗಳ ಝಣತ್ಕಾರವನ್ನು ಆದಷ್ಟು ಬಿಟ್ಟು, ಅವರು ಚರ್ಮದ ಮೇಲೆಯೇ ಒಂದು ಸಣ್ಣ ರಾಗಾಕೃತಿಯನ್ನು ಮತ್ತೆ ಮತ್ತೆ ನುಡಿಸುತ್ತಾರೆ. ಗಿಟಾರ್ ಇಲ್ಲದ ಕೊರತೆಯನ್ನು ತುಂಬಿದುದು ಆಂದೋಲಕಗಳೆಂದು ಎಲ್ಲರೂ ಭಾವಿಸುತ್ತಾರೆ. ನಮಗೆ ತೋರುವಂತೆ ಅದನ್ನು ತುಂಬಿದುದು ಡ್ರಮ್ಮುಗಳು. ಆಂದೋಲಕವು ಚಲಿಸಲಾರದು; ಆದುದರಿಂದ ಡ್ರಮ್ಮು ಚಲಿಸಬೇಕಾಯಿತು. ತಾಳವಾದ್ಯ ಹಾಡುತ್ತದೆ, ಸ್ವರವಾದ್ಯ ತಾಳ ಹಾಕುತ್ತದೆ. ಈ ಸ್ಥಾನವಿನಿಮಯವೇ ಮುದ್ರಿಕೆಯ ಮುಖ್ಯ ಸಾಧನೆ.

ಗಮನವಿಟ್ಟು ಕೇಳಿದರೆ ಈ ಗೀತದಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಪಾದದ ಮಿಡಿತವೂ ಡ್ರಮ್ಮಿನ ಪೆಟ್ಟೂ ಸದಾ ಒಂದೇ ಕ್ಷಣದಲ್ಲಿ ಬೀಳುವುದಿಲ್ಲ. ಒಮ್ಮೆ ಇದು ಕೂದಲೆಳೆಯಷ್ಟು ಮುಂದೆ, ಒಮ್ಮೆ ಅದು. ಇಬ್ಬರು ಒನಕೆ ಹಿಡಿದು ಒಂದೇ ಒರಳಿನಲ್ಲಿ ಕುಟ್ಟುವಾಗ ಒಬ್ಬರನ್ನೊಬ್ಬರು ಗಮನಿಸುತ್ತ ಕುಟ್ಟುವಂತೆ ಇವರು ನುಡಿಸುತ್ತಿದ್ದಾರೆ. ಈ ಪರಸ್ಪರ ಗಮನ ಯಂತ್ರದ್ದಲ್ಲ; ಯಂತ್ರಕ್ಕೆ ಅದರ ಅಗತ್ಯವೂ ಇಲ್ಲ. ಮಿಡಿ ಎಂಬ ಸಂಕೇತವ್ಯವಸ್ಥೆ 1983ರಲ್ಲಿ ಬಂದ ಮೇಲೆ ವಾದ್ಯಗಳನ್ನು ಪರಸ್ಪರ ಬಿಗಿದು ಒಂದೇ ಗಡಿಯಾರಕ್ಕೆ ಅಧೀನಮಾಡುವುದು ಸುಲಭವಾಯಿತು. ಅಂದಿನಿಂದ ನಮ್ಮ ಕಿವಿಗಳು ಪುನರಾವೃತ್ತಿಯೆಂದರೆ ಗಡಿಯಾರವೆಂದೇ ತಿಳಿಯುತ್ತ ಬಂದಿವೆ. ಈ ಮುದ್ರಿಕೆಯಲ್ಲಿ ಪುನರಾವೃತ್ತಿಯು ಶ್ರಮ. ಪ್ರತಿ ಆವರ್ತವನ್ನೂ ಯಾರೋ ಹೊಸದಾಗಿ ನುಡಿಸಬೇಕಾಗಿದೆ, ಮತ್ತು ಆ ಶ್ರಮ ಕೇಳಿಸುತ್ತದೆ.

'ಸೀಗ್ರೀನ್ ಸೆರನೇಡ್ಸ್' ಗೀತದಲ್ಲಿ ರೆಕಾರ್ಡರ್ ಎಂಬ ಮರದ ಕೊಳಲು ಸೇರುತ್ತದೆ. ಅದನ್ನೂ ಸಿಮಿಯನ್ನರೇ ನುಡಿಸಿದ್ದಾರೆ. ಉಸಿರಿನ ವಾದ್ಯವನ್ನು ವಿದ್ಯುತ್ತಿನ ನಾದದ ಪಕ್ಕದಲ್ಲಿಟ್ಟಾಗ ವಿದ್ಯುನ್ನಾದವೇ ಹೆಚ್ಚು ಒರಟಾಗಿ, ಹೆಚ್ಚು ದೇಹವುಳ್ಳದ್ದಾಗಿ ಕೇಳುವುದು ವಿಚಿತ್ರವಾದರೂ ನಿಜ. 'ಲವ್‌ಫಿಂಗರ್ಸ್' ಸಾಧಾರಣ. 'ವೆಲ್ವೆಟ್ ಕೇವ್' ಅದಕ್ಕಿಂತ ಮೇಲು, ಆದರೆ ಮೊದಲನೆಯ ಗೀತ ಹೇಳಿದುದಕ್ಕೆ ಅದು ಹೊಸದೇನನ್ನೂ ಕೂಡಿಸುವುದಿಲ್ಲ.

ಮೊದಲನೆಯ ಪಾರ್ಶ್ವದಲ್ಲಿ ವಿಶೇಷ ವಿವೇಚನೆಗೆ ಅರ್ಹವಾದುದು 'ಪ್ರೋಗ್ರಾಂ'. ಮೇಲೆ ಸೂಚಿಸಿದ ಅಪವಾದ ಇದೇ. ಇಲ್ಲಿ ನುಡಿಗಳ ನಡುವೆ ರೇಡಿಯೋ ಬರುತ್ತದೆ. ಮುಳ್ಳನ್ನು ತಿರುಗಿಸುತ್ತ ಹೋದಂತೆ ಯಾವುದೋ ವಾದ್ಯಗೋಷ್ಠಿಯ ತುಣುಕು, ಯಾರದೋ ಮಾತು, ಕರಕರ ಸದ್ದು. ವೇದಿಕೆಯ ಮೇಲೆ ಇದನ್ನು ನುಡಿಸುವಾಗ ಆ ಕ್ಷಣದಲ್ಲಿ ಗಾಳಿಯಲ್ಲಿ ಏನಿತ್ತೋ ಅದೇ ಹಾಡಿನ ಭಾಗವಾಗುತ್ತಿತ್ತು. ಆದುದರಿಂದ ಹಾಡು ಪ್ರತಿ ಸಲವೂ ಬೇರೆ. ಮುದ್ರಿಕೆಯಲ್ಲಿ ಅದು ಒಂದೇ ಪಾಠವಾಗಿ ಘನೀಭವಿಸಿದೆ. 1968ರ ಯಾವುದೋ ಒಂದು ಹೊತ್ತಿನ ನ್ಯೂಯಾರ್ಕಿನ ಆಕಾಶ ಅಲ್ಲಿ ಸಿಕ್ಕಿಕೊಂಡಿದೆ. ಇದನ್ನು ಕೊರತೆಯೆಂದು ಹೇಳಬೇಕೋ ಲಾಭವೆಂದು ಹೇಳಬೇಕೋ ವಿಚಾರಾರ್ಹ. ಆಕಸ್ಮಿಕವನ್ನೇ ಧರ್ಮವಾಗುಳ್ಳ ಗೀತವು ಎರಡನೆಯ ಸಲ ಕೇಳುವಾಗಲೇ ಆಕಸ್ಮಿಕವಲ್ಲದಾಗುತ್ತದೆ. ಹತ್ತನೆಯ ಸಲಕ್ಕೆ ಆ ತುಣುಕುಗಳು ನಮಗೆ ಕಂಠಪಾಠವಾಗಿರುತ್ತವೆ. ಆದರೂ ಅದರ ನಡುವೆ ಟೇಲರರ ಕೈ ಕದಲುವುದಿಲ್ಲ. ಹೊರಗಿನಿಂದ ಬಂದುದು ಯಾವುದೇ ಆಗಲಿ, ತಾಳವು ಅದನ್ನು ಹಾಡಿನೊಳಕ್ಕೆ ಕೂಡಿಸಿಕೊಳ್ಳುತ್ತದೆ. ಮುಂದೆ ಅನ್ಯರ ಧ್ವನಿಗಳನ್ನು ಕತ್ತರಿಸಿ ಜೋಡಿಸುವ ಪದ್ಧತಿ ಜನಪ್ರಿಯ ಸಂಗೀತದಲ್ಲಿ ವ್ಯಾಪಕವಾಯಿತು. ಅದರ ಮೂಲವನ್ನು ಇಲ್ಲಿ ಹುಡುಕುವವರಿದ್ದಾರೆ. ಕತ್ತರಿಸಿ ಜೋಡಿಸುವವನಿಗೆ ಆಯ್ಕೆಯುಂಟು. ರೇಡಿಯೋದ ಬಿರಡೆಯನ್ನು ತಿರುಗಿಸುವವನಿಗೆ ಅದು ಬಹುಮಟ್ಟಿಗೆ ಇಲ್ಲ. ಎರಡನ್ನೂ ಒಂದೆನ್ನುವುದು ಸಲ್ಲದು.

ಎರಡನೆಯ ಪಾರ್ಶ್ವ ಅಷ್ಟು ಸಮವಾಗಿಲ್ಲ. 'ವರ್ಲಿ ಬರ್ಡ್' ಲಘುವಾದುದು, ಅದರ ಲಘುತ್ವ ಹಿತವಾಗಿಯೇ ಇದೆ. 'ಡಸ್ಟ್' ಈ ಮುದ್ರಿಕೆಯ ಸೋಲು. ಅದರಲ್ಲಿ ಹಾಡನ್ನು ಬಿಟ್ಟು ವಾಚನವನ್ನು ಆಶ್ರಯಿಸಿದ್ದಾರೆ. ಆಂದೋಲಕಗಳು ಮಿಡಿತವನ್ನು ತೊರೆದು ಸುಮ್ಮನೆ ಸುಳಿದಾಡುತ್ತವೆ. ಲಯದ ಹೊಣೆಯಿಂದ ಬಿಡುಗಡೆ ಹೊಂದಿದ ಕ್ಷಣದಲ್ಲಿಯೇ ವಾದ್ಯವು ತನ್ನ ವ್ಯಕ್ತಿತ್ವವನ್ನೂ ಕಳೆದುಕೊಂಡು, ಭಯಾನಕಕ್ಕೆ ತೆರೆಯ ಹಿಂದೆ ಮಾಡುವ ಸದ್ದಿನ ಮಟ್ಟಕ್ಕೆ ಇಳಿಯುತ್ತದೆ. ವಿಭಾವವಿದೆ, ರಸವಿಲ್ಲ. ನಮ್ಮ ವಾದಕ್ಕೆ ಇದು ವ್ಯತಿರೇಕ ದೃಷ್ಟಾಂತವಾಗಿ ಉಪಯುಕ್ತವೆಂಬುದನ್ನು ಬಿಟ್ಟರೆ ಅದನ್ನು ಮತ್ತೆ ಕೇಳಲು ಕಾರಣ ಕಾಣುವುದಿಲ್ಲ.

'ಡ್ಯಾನ್ಸಿಂಗ್ ಗಾಡ್ಸ್' ಬೇರೆಯ ಬಗೆಯ ಪ್ರಶ್ನೆಯನ್ನು ಎತ್ತುತ್ತದೆ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಆಚರಣೆಯ ಗೀತವನ್ನು ಆಧರಿಸಿದ ರಚನೆಯಿದು. ವಾದ್ಯಗಾರಿಕೆಯ ದೃಷ್ಟಿಯಿಂದ ಟೇಲರರ ಅತ್ಯುತ್ತಮ ವಾದನಗಳಲ್ಲಿ ಒಂದು. ಆದರೆ ಒಂದು ಜನಾಂಗದ ವಿಧಿಯೊಡನೆ ಕೂಡಿಕೊಂಡಿರುವ ಮಾತುಗಳನ್ನು, ಆ ವಿಧಿಯನ್ನೂ ಅದನ್ನು ನಡೆಯಿಸುವವರನ್ನೂ ಬಿಟ್ಟು, ವಿದ್ಯುನ್ನಾದದ ಮೇಲೆ ಹೇರಿದಾಗ ಉಳಿಯುವುದು ದೂರದ ಗಾಂಭೀರ್ಯ ಮಾತ್ರ. ಜನಪದ ಗೀತಗಳನ್ನು ಸಂಗ್ರಹಿಸಿದ ನಮ್ಮ ವಿದ್ವಾಂಸರು ಹಾಡು ಯಾರದು, ಯಾವಾಗ ಹಾಡುವುದು ಎಂಬುದನ್ನು ಹಾಡಿನಷ್ಟೇ ಜಾಗರೂಕತೆಯಿಂದ ಬರೆದಿಡಲು ಕಲಿತಿದ್ದಾರೆ. ಆ ಜಾಗರೂಕತೆ 1968ರ ನ್ಯೂಯಾರ್ಕಿನ ಯುವಕರಲ್ಲಿ ಇರಲಿಲ್ಲ. ಕೊನೆಯ ಗೀತ 'ಮಿಸ್ಟಿ ಮೌಂಟನ್' ಮುದ್ರಿಕೆಯನ್ನು ಮತ್ತೆ ಅದರ ಸಹಜ ಧಾಟಿಗೆ ತಂದು ಬಿಡುತ್ತದೆ.

ಸಾಹಿತ್ಯಭಾಗದ ಬಗ್ಗೆ ಒಂದೆರಡು ಮಾತು. ಇದರ ಹೆಚ್ಚಿನ ಭಾಗವನ್ನು ಬರೆದವರು ಸ್ಟ್ಯಾನ್ಲಿ ವಾರೆನ್ ಎಂಬ ಕವಿ. ಕೆಲವನ್ನು ಐಲೀನ್ ಲೂಯೆಲೆನ್ ಬರೆದಿದ್ದಾರೆ. ವಾರೆನ್ನರ ಶೈಲಿ ವಿಶೇಷಣಪ್ರಧಾನವಾದುದು; ಕಾಗದದ ಮೇಲೆ ಓದಿದರೆ ಆ ಕಾಲದ ಯುವಕಾವ್ಯದ ಸಾಮಾನ್ಯ ಲಕ್ಷಣಗಳನ್ನು ಬಿಟ್ಟು ಹೆಚ್ಚಿನದೇನೂ ಸಿಗದು. ಆದರೆ ಗೀತಸಾಹಿತ್ಯವನ್ನು ಕಾಗದದ ಮೇಲೆ ತೂಗುವುದು ಉಚಿತವಲ್ಲ. ಸಿಮಿಯನ್ನರ ಕಂಠ ತರಬೇತಾದುದಲ್ಲ, ಕಂಪಿಸುವಂಥದು. ಆಂದೋಲಕದ ಶ್ರುತಿಗೆ ಅಂಟಿಕೊಂಡೇ ನಡೆಯುತ್ತದೆ, ಆಗಾಗ ತುಸು ಜಾರುತ್ತದೆ. ಹಳೆಯ ಆಂದೋಲಕಗಳ ನಾದವೂ ಕಾದಂತೆ ತುಸು ಸರಿಯುವ ಸ್ವಭಾವದ್ದು. ಹೀಗೆ ಹಾಡುಗಾರನೂ ವಾದ್ಯವೂ ಒಬ್ಬರನ್ನೊಬ್ಬರು ನೆಚ್ಚಿ, ಇಬ್ಬರೂ ಸ್ವಲ್ಪ ಸ್ವಲ್ಪ ತಪ್ಪುವುದರಲ್ಲಿ ಒಂದು ಬಗೆಯ ಸ್ನೇಹ ತೋರುತ್ತದೆ. ನುರಿತ ಕಂಠವೊಂದು ಇಲ್ಲಿ ಹಾಡಿದ್ದರೆ ವಾದ್ಯದ ಬಡತನ ಬಯಲಾಗುತ್ತಿತ್ತು.

ಈ ಮುದ್ರಿಕೆಯನ್ನು ಹೊರತಂದುದು ಕ್ಯಾಪ್ ಸಂಸ್ಥೆ. ರಾಜರ್ ವಿಲಿಯಮ್ಸರ ಮೃದುಮಧುರ ಪಿಯಾನೋ ವಾದನದಿಂದಲೂ, 1964ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗರ 'ಹಲೋ, ಡಾಲಿ!' ಗೀತದಿಂದಲೂ ಹೆಸರಾಗಿದ್ದ ಈ ಸಂಸ್ಥೆಗೆ ಇಂಥ ಸಂಗೀತವನ್ನು ಯಾರಿಗೆ ಮಾರಬೇಕೆಂಬುದೇ ತಿಳಿದಿರಲಾರದು. 1969ರಲ್ಲಿ ಎರಡನೆಯ ಮುದ್ರಿಕೆ 'ಕಾಂಟ್ಯಾಕ್ಟ್' ಬಂತು. ಅದರ ಮುಂಬದಿಯಲ್ಲಿ ಪಾನ್ ಅಮ್ ವಿಮಾನದೊಳಗೆ ವೃಂದದ ಚಿತ್ರವೂ ಹಿಂಬದಿಯಲ್ಲಿ ವಿಮಾನಾಪಘಾತದ ಚಿತ್ರವೂ ಇದ್ದುದರಿಂದ ವಿಮಾನಸಂಸ್ಥೆ ವ್ಯಾಜ್ಯ ಹೂಡಿತು. ಸ್ವಲ್ಪ ಕಾಲದಲ್ಲೇ ವೃಂದ ಚದುರಿತು. 1990ರ ದಶಕದಲ್ಲಿ ಮರುಮುದ್ರಣಗಳು ಬಂದ ಮೇಲೆಯೇ ಎರಡನೆಯ ತಲೆಮಾರಿನ ಶ್ರೋತೃಗಳು ಹುಟ್ಟಿದುದು. ಇದು ಪೂರ್ವಜಸ್ಥಾನದ ವಾದಕ್ಕೆ ಅಷ್ಟೇನೂ ಅನುಕೂಲವಾದ ಸಂಗತಿಯಲ್ಲ. 1970ರ ದಶಕದ ಜರ್ಮನ್ ವೃಂದಗಳ ಸಂಗೀತಕ್ಕೂ ಇದಕ್ಕೂ ಸಾದೃಶ್ಯವಿದೆ, ನಿಜ; ಆದರೆ ಸಾದೃಶ್ಯವೇ ಸಂಬಂಧಕ್ಕೆ ಪ್ರಮಾಣವಾಗದೆಂಬುದು ಕೃತಿಗಳ ಆಕರವಿಚಾರ ಮಾಡುವವರೆಲ್ಲರಿಗೂ ತಿಳಿದುದೇ. ಪೋರ್ಟಿಸ್‌ಹೆಡ್‌ನವರ 2008ರ 'ಥರ್ಡ್' ಮುದ್ರಿಕೆಯಲ್ಲಿ ಋಣ ಸ್ಪಷ್ಟವಾಗಿಯೇ ಕೇಳುತ್ತದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಮರುಮುದ್ರಣಗಳಿಂದ ಒಂದು ಸಣ್ಣ ನಷ್ಟವೂ ಆಗಿದೆ. ಎರಡು ಮುದ್ರಿಕೆಗಳನ್ನೂ ಒಂದೇ ತಟ್ಟೆಯಲ್ಲಿ ಕೂಡಿಸಿ ಕೊಟ್ಟಾಗ, 'ವೆಲ್ವೆಟ್ ಕೇವ್' ಮುಗಿದ ಮೇಲೆ ಎದ್ದು ತಟ್ಟೆಯನ್ನು ಮಗುಚಿ ಹಾಕುವ ವಿರಾಮ ಇಲ್ಲವಾಗುತ್ತದೆ. ಇಷ್ಟು ಶ್ರಮದ ಸಂಗೀತದಲ್ಲಿ ಆ ವಿರಾಮವೂ ಒಂದು ಅಂಗವೇ.

1990ರ ದಶಕದಲ್ಲಿ ಸಿಮಿಯನ್ನರು ಮತ್ತೆ ವೇದಿಕೆಗೆ ಬಂದರು. ಟೇಲರರು 2005ರಲ್ಲಿ ತೀರಿಕೊಂಡ ಬಳಿಕ ಅವರ ಸ್ಥಾನಕ್ಕೆ ಇನ್ನೊಬ್ಬ ವಾದಕನನ್ನು ಕೂರಿಸದೆ, ಟೇಲರರ ವಾದನದಿಂದ ಆಯ್ದ ಮುದ್ರಿತ ಪೆಟ್ಟುಗಳನ್ನೇ ಇಟ್ಟುಕೊಂಡು ಒಬ್ಬರೇ ನುಡಿಸತೊಡಗಿದರು. 2016ರ 'ಕ್ಲಿಂಗಿಂಗ್ ಟು ಎ ಡ್ರೀಮ್' ಮುದ್ರಿಕೆ ಈ ಕಾಲದ್ದು. ಗೆಳೆಯನಿಗೆ ತೋರಿದ ಗೌರವವಾಗಿ ಇದನ್ನು ಮೆಚ್ಚದವರಿಲ್ಲ. ಆದರೆ ಆ ಕಾಲದಲ್ಲಿ ನುಡಿಸಿದ 'ಆಸಿಲೇಷನ್ಸ್' ಗೀತವನ್ನು 1968ರ ಪಾಠದ ಪಕ್ಕದಲ್ಲಿಟ್ಟು ಕೇಳಿದರೆ, ಪೆಟ್ಟುಗಳು ಅವೇ, ಶ್ರುತಿ ಅದೇ, ಪಾದದ ಮಿಡಿತವೂ ಅದೇ. ಮಿಡಿತ ತುಸು ಹಿಂದೆ ಬಿದ್ದಾಗ ಮಾತ್ರ ಡ್ರಮ್ಮು ಅದಕ್ಕಾಗಿ ಕಾಯುವುದಿಲ್ಲ.